ಸತ್ತ ನದಿಗೆ ಮೀನು ವಾಪಸ್ ಬಂದಿದ್ದು ಹೇಗೆ? ಮರ್ಸಿ ನದಿಯ ಕಥೆ, ವೃಷಭಾವತಿ ದಡದ ಪ್ರಶ್ನೆ

ಪ್ರಶ್ನೆ: ಸರ್, ನಾವು ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ವೃಷಭಾವತಿ ನದಿ ಪಕ್ಕದಲ್ಲೇ ಹದಿನೈದು ವರ್ಷದಿಂದ ಇದ್ದೇವೆ. ಸಂಜೆ ಹೊತ್ತು ಕಿಟಕಿ ತೆಗೆಯೋಕೆ ಆಗಲ್ಲ. ನಮ್ಮ ಅಕ್ಕನ ಮಗ ಮ್ಯಾಂಚೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿನ ನದಿಗಳೂ ಹಿಂದೆ ಹೀಗೇ ಇದ್ದವಂತೆ, ಊರಿನವರೆಲ್ಲ ಸೇರಿ ಸರಿ ಮಾಡಿದರಂತೆ, ಈಗ ಮೀನು ಬಂದಿವೆಯಂತೆ. ಇದು ನಿಜವಾ? ನಮ್ಮ ಬಡಾವಣೆ ಸಂಘದವರು ಸೇರಿದರೆ ಏನಾದರೂ ಆಗುತ್ತಾ, ಅಥವಾ ಕಸ ಎತ್ತಿ ಫೋಟೊ ತೆಗೆಸಿಕೊಳ್ಳೋದಷ್ಟೇನಾ?

ಉತ್ತರ: ನಿಮ್ಮ ಅಕ್ಕನ ಮಗ ಹೇಳಿದ್ದು ನಿಜ, ಆದರೆ ಅರ್ಧ. ಮೀನು ಬಂದಿರುವುದು ಹೌದು. ಊರವರು ಸೇರಿದ್ದೂ ಹೌದು. ಆದರೆ ಅವರು ಸೇರಿದ ಮಾತ್ರಕ್ಕೇ ನದಿ ಬದುಕಲಿಲ್ಲ. ಅದರ ಜೊತೆ ಭಾರೀ ದುಡ್ಡಿತ್ತು, ಬಿಗಿಯಾದ ಕಾನೂನು ಬಂತು, ಎಷ್ಟೋ ಕಾರ್ಖಾನೆಗಳು ತಾವಾಗೇ ಮುಚ್ಚಿಹೋದವು, ಇಪ್ಪತ್ತೈದು ವರ್ಷ ಹಿಡಿಯಿತು. ಇದನ್ನೆಲ್ಲ ಬಿಡಿಸಿ ಹೇಳದಿದ್ದರೆ ನಿಮ್ಮ ಸಂಘದವರು ಆರು ತಿಂಗಳು ಕಸ ಎತ್ತಿ, ನೀರು ಅದೇ ಕಪ್ಪು ಬಣ್ಣದಲ್ಲಿ ಇರೋದು ನೋಡಿ, ಬೇಸರ ಮಾಡಿಕೊಂಡು ಮನೆಗೆ ಹೋಗುತ್ತಾರೆ. ಹಾಗಾಗಬಾರದು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಅವನು ಹೇಳಿದ್ದು ಮರ್ಸಿ ನದಿಯ ಬಗ್ಗೆ. ಇಂಗ್ಲೆಂಡಿನ ವಾಯವ್ಯ ಭಾಗದ ನದಿ ಇದು. ಸ್ಟಾಕ್‌ಪೋರ್ಟ್ ಅನ್ನೋ ಊರಲ್ಲಿ ಗೋಯ್ಟ್, ಟೇಮ್ ಎಂಬ ಎರಡು ಹೊಳೆ ಕೂಡಿ ಮರ್ಸಿ ಆಗುತ್ತದೆ. ಮ್ಯಾಂಚೆಸ್ಟರ್ ಮಧ್ಯೆ ಹರಿಯುವ ಇರ್ವೆಲ್ ನದಿಯ ನೀರೂ ಇದಕ್ಕೇ ಸೇರುತ್ತದೆ. ಸುಮಾರು 110 ಕಿಲೋಮೀಟರ್ ಹರಿದು ಲಿವರ್‌ಪೂಲ್ ಹತ್ತಿರ ಸಮುದ್ರಕ್ಕೆ ಹೋಗುತ್ತದೆ. ಹೆಚ್ಚು ಕಡಿಮೆ 50 ಲಕ್ಷ ಜನ ಈ ಜಲಾನಯನದಲ್ಲಿದ್ದಾರೆ. ಹತ್ತಿ ಗಿರಣಿ, ಬಣ್ಣ ಹಾಕುವ ಕಾರ್ಖಾನೆ, ಚರ್ಮ ಹದ ಮಾಡುವ ಜಾಗ, ಕಾಗದ, ಸೋಪು, ಸೋಡಾ, ಎಲ್ಲಾ ಇಲ್ಲೇ ಬೆಳೆದವು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರೋದು ನಿಂತಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಈ ಗಿರಣಿಗಳಿಂದ ಬೇಡಿಕೆ ಬಂದಿತ್ತು. ಗಿರಣಿ ತೊಳೆದ ನೀರು, ಬಣ್ಣದ ನೀರು, ಊರಿನ ಮಲ, ಒಂದೂ ಬಿಡದೆ ನದಿಗೇ ಹೋಯಿತು. ವಿಡ್ನೆಸ್ ಅನ್ನೋ ಊರಲ್ಲಂತೂ ಸೋಡಾ ತಯಾರಿಕೆಯಲ್ಲಿ ಉಳಿದ, ಕೊಳೆತ ಮೊಟ್ಟೆಯ ವಾಸನೆ ಬರುವ ಗಸಿಯನ್ನು ದಡದಲ್ಲಿ ಗುಡ್ಡೆ ಗುಡ್ಡೆ ಹಾಕಿದ್ದರು. ಹತ್ತಿರದ ರಂಕಾರ್ನ್‌ನಲ್ಲಿ ಕ್ಲೋರಿನ್ ತಯಾರಿಸಲು ಬಳಸಿದ ಪಾದರಸವೂ ನೀರಿಗೆ ಸೇರಿತು.

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ನದಿ ಸಾಯೋದು ವಿಷದಿಂದಲೇ ಅಂತ ಜನ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ಉಸಿರುಕಟ್ಟಿ ಸಾಯುತ್ತದೆ. 20 ಡಿಗ್ರಿ ಬಿಸಿಯ ಒಳ್ಳೆಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ, ಅಷ್ಟೇ. ಕೊಳಚೆ ಸೇರಿದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಈ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ನಾಲ್ಕೈದು ಮಿಲಿಗ್ರಾಂಗಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳಿಗೆ ಕಷ್ಟ ಶುರು. ಸೊನ್ನೆಗೆ ಬಂದರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಎದ್ದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ನೀವು ಕಿಟಕಿ ಮುಚ್ಚುವುದು ಆ ವಾಸನೆಗೇ. ಮರ್ಸಿಯಲ್ಲಿ ಇನ್ನೊಂದು ತೊಂದರೆ ಇತ್ತು. ಸಮುದ್ರದ ಉಬ್ಬರ ಅಲ್ಲಿ ಹತ್ತು ಮೀಟರ್‌ವರೆಗೂ ಏರುತ್ತದೆ. ಆದರೆ ಅಳಿವೆಯ ಬಾಯಿ ಕಿರಿದು. ಹಾಗಾಗಿ ಬಿಟ್ಟ ಕೊಳಚೆ ಒಂದೇ ಸಲಕ್ಕೆ ಹೊರಗೆ ಹೋಗುತ್ತಿರಲಿಲ್ಲ. ಉಬ್ಬರಕ್ಕೆ ಒಳಗೆ, ಇಳಿತಕ್ಕೆ ಹೊರಗೆ, ತೊಟ್ಟಿಲು ತೂಗಿದ ಹಾಗೆ ಅಲ್ಲೇ ಓಲಾಡುತ್ತಿತ್ತು. ಬೇಸಿಗೆಯಲ್ಲಿ ವಾರಿಂಗ್‌ಟನ್ ಹತ್ತಿರ ಆಮ್ಲಜನಕ ಪೂರ್ತಿ ಖಾಲಿಯಾಗಿ ನದಿ ನಾರುತ್ತಿತ್ತು.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಭಾಗ. ಇವತ್ತು ಹೆಚ್ಚಿನ ಕಡೆ ಕೊಳಚೆ ಶುದ್ಧ ಮಾಡುವ ವಿದ್ಯೆ ಹುಟ್ಟಿದ್ದೇ ಈ ನದಿಯ ಸೀಮೆಯಲ್ಲಿ. ಮ್ಯಾಂಚೆಸ್ಟರ್ ಪಾಲಿಕೆಗೆ ಸಲಹೆ ಕೊಡುತ್ತಿದ್ದ ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞರು 1912ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಕೊಳಚೆಗೆ ಗಾಳಿ ಊದುವ ಪ್ರಯೋಗಗಳನ್ನು ನೋಡಿ ಬಂದರು. ವಾಪಸ್ ಬಂದು ಡೇವಿಹ್ಯೂಮ್ ಎಂಬಲ್ಲಿನ ಕೊಳಚೆ ಘಟಕದಲ್ಲಿದ್ದ ಎಡ್ವರ್ಡ್ ಆರ್ಡರ್ನ್, ವಿಲಿಯಂ ಲಾಕೆಟ್ ಅವರಿಗೆ ಅದನ್ನು ಮುಂದುವರಿಸಲು ಹೇಳಿದರು. ಅವರು ಗಾಜಿನ ಬಾಟಲಿಗಳಿಗೆ ಕಂದು ಕಾಗದ ಸುತ್ತಿ, ಪಾಚಿ ಬೆಳೆಯದಂತೆ ಬೆಳಕು ತಡೆದು, ಒಳಗಿನ ಕೊಳಚೆಗೆ ಗಾಳಿ ಊದಿದರು. ಮೊದಲ ಸಲ ನೀರು ಶುದ್ಧ ಆಗಲು ಸುಮಾರು ಐದು ವಾರ ಬೇಕಾಯಿತು. ಬಾಟಲಿಯ ತಳದಲ್ಲಿ ಕಂದು ಬಣ್ಣದ ಗಸಿ ಕೂತಿತ್ತು. ಬೇರೆಯವರಾಗಿದ್ದರೆ ಅದನ್ನು ಚೆಲ್ಲುತ್ತಿದ್ದರು. ಇವರು ಗಸಿ ಉಳಿಸಿಕೊಂಡು ಮೇಲಿನ ತಿಳಿನೀರು ತೆಗೆದು ಹೊಸ ಕೊಳಚೆ ತುಂಬಿದರು. ಎರಡನೇ ಸಲ ಬೇಗ ಆಯಿತು, ಮೂರನೇ ಸಲ ಇನ್ನೂ ಬೇಗ. ಕೊನೆಗೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ಗಂಟೆಗೆ ಇಳಿಯಿತು. ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕುವುದೂ ಇದೇ ಲೆಕ್ಕ. ನಿನ್ನೆಯ ಮೊಸರು ಒಂದು ಚಮಚ ಉಳಿಸಿಕೊಂಡರೆ ಇವತ್ತಿನ ಹಾಲು ಬೇಗ ಹೆಪ್ಪಾಗುತ್ತದೆ. 1914ರ ಏಪ್ರಿಲ್‌ನಲ್ಲಿ ಅವರು ಇದನ್ನು ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಓದಿ ಹೇಳಿದರು. ಇವತ್ತು ಪ್ರಪಂಚದಲ್ಲಿ ಇರುವ ಎಸ್‌ಟಿಪಿಗಳಲ್ಲಿ, ಅಂದರೆ ಕೊಳಚೆ ಶುದ್ಧ ಮಾಡುವ ಘಟಕಗಳಲ್ಲಿ, ಬಹುಪಾಲು ನಡೆಯುವುದು ಈ ಹೆಪ್ಪಿನ ತತ್ವದ ಮೇಲೇ.

ಇನ್ನೊಂದು ವಿಷಯ ಕೇಳಿ. ಅದೇ ಫೌಲರ್ 1916ರಲ್ಲಿ ಪ್ರೊಫೆಸರ್ ಆಗಿ ಬಂದಿದ್ದು ಎಲ್ಲಿಗೆ ಗೊತ್ತಾ? ನಮ್ಮ ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಅಂದರೆ ಈ ವಿದ್ಯೆ ಹುಟ್ಟಿದ ಎರಡೇ ವರ್ಷಕ್ಕೆ ಅದನ್ನು ಬಲ್ಲವರೊಬ್ಬರು ನಿಮ್ಮ ಮನೆಯಿಂದ ಒಂದು ಗಂಟೆ ದೂರದ ಜಾಗದಲ್ಲಿ ಪಾಠ ಮಾಡುತ್ತಿದ್ದರು.

ವಿದ್ಯೆ 1914ಕ್ಕೇ ಗೊತ್ತಿದ್ದರೂ ಮರ್ಸಿ ಮಾತ್ರ ಇನ್ನೂ ಎಪ್ಪತ್ತು ವರ್ಷ ಹಾಗೇ ನಾರುತ್ತಾ ಇತ್ತು. ಯಾಕೆ? ಕಾನೂನು ಇರಲಿಲ್ಲ ಅಂತಲ್ಲ. ನದಿ ಮಲಿನ ಮಾಡಬಾರದು ಅನ್ನೋ ಕಾಯ್ದೆ 1876ರಲ್ಲೇ ಬಂದಿತ್ತು, ಕಾರ್ಖಾನೆಯವರು ನುಣುಚಿಕೊಳ್ಳಲು ದಾರಿಯೂ ಅದರಲ್ಲೇ ಇತ್ತು. ನನ್ನ ಪ್ರಕಾರ ದೊಡ್ಡ ಕಾರಣ ಏನು ಅಂದರೆ, ನದಿ ಪೂರ್ತಿಯಾಗಿ ಯಾರ ತಲೆನೋವೂ ಆಗಿರಲಿಲ್ಲ. ಮೇಲಿನ ಊರು ತನ್ನ ಕೊಳಚೆಯನ್ನು ಕೆಳಗಿನ ಊರಿಗೆ ದಾಟಿಸಿ ಕೈ ತೊಳೆದುಕೊಳ್ಳುತ್ತಿತ್ತು. ಲಿವರ್‌ಪೂಲ್ ಕೊನೆಯಲ್ಲಿತ್ತು, ಅದು ಸಮುದ್ರಕ್ಕೆ ದಾಟಿಸುತ್ತಿತ್ತು. ಎಂಬತ್ತರ ದಶಕದವರೆಗೂ ಆ ಊರಿನ ಕೊಳಚೆ ಹತ್ತಾರು ಪೈಪುಗಳಿಂದ ಏನೂ ಶುದ್ಧ ಮಾಡದೆ ನೇರ ಅಳಿವೆಗೆ ಬೀಳುತ್ತಿತ್ತು.

ತಿರುವು ಬಂದಿದ್ದು ನದಿಯ ಕಾರಣಕ್ಕಲ್ಲ. 1981ರ ಜುಲೈನಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್ ಬಡಾವಣೆಯಲ್ಲಿ ದೊಡ್ಡ ಗಲಭೆ ಆಯಿತು. ಕೆಲಸ ಇಲ್ಲ, ಪೊಲೀಸರ ಮೇಲೆ ಸಿಟ್ಟು, ಊರು ಹಾಳುಬಿದ್ದಿದೆ. ಆಗಿನ ಪರಿಸರ ಮಂತ್ರಿ ಮೈಕೆಲ್ ಹೆಸಲ್‌ಟೈನ್ ಅಲ್ಲಿಗೆ ಹೋಗಿ ಕೆಲವು ವಾರ ಉಳಿದು ಊರು ಸುತ್ತಿ ನೋಡಿದರು. ಇಂಥ ನದಿ ಇಟ್ಟುಕೊಂಡು ಊರು ಏಳಿಗೆ ಆಗಲ್ಲ ಅಂತ ಅವರಿಗೆ ಅನ್ನಿಸಿತು. ಆ ಮಾತೇ ಮುಂದೆ ಬೆಳೆದು 1985ರಲ್ಲಿ ‘ಮರ್ಸಿ ಬೇಸಿನ್ ಕ್ಯಾಂಪೇನ್’ ಶುರುವಾಯಿತು. ಅವಧಿ 25 ವರ್ಷ. ಅಂದಾಜು ಖರ್ಚು ಸುಮಾರು 400 ಕೋಟಿ ಪೌಂಡ್. ಗುರಿ ಸರಳ: ಇಡೀ ಜಲಾನಯನದ ಪ್ರತಿ ಹೊಳೆ, ಪ್ರತಿ ಕಾಲುವೆಯಲ್ಲೂ ಮೀನು ಬದುಕುವಷ್ಟು ನೀರು ಚೆನ್ನಾಗಿರಬೇಕು.

ಈ ಗುರಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ‘ನದಿ ಪುನಶ್ಚೇತನ’ ಅಂತ ಬೋರ್ಡ್ ಹಾಕಿದರೆ ಯಾರಿಗೂ ಏನೂ ಅರ್ಥವಾಗಲ್ಲ. ಮೀನು ಬದುಕಬೇಕು ಅಂದರೆ ಶಾಲೆ ಹುಡುಗನಿಗೂ ಅರ್ಥ ಆಗುತ್ತದೆ, ಇಂಜಿನಿಯರಿಗೂ ಆಗುತ್ತದೆ, ಆಮ್ಲಜನಕ ಎಷ್ಟಿರಬೇಕು ಅನ್ನೋ ಸಂಖ್ಯೆಯೂ ಅದರಿಂದಲೇ ಹುಟ್ಟುತ್ತದೆ. ಮೀನು ಇದೆಯೋ ಇಲ್ಲವೋ ಅನ್ನೋದರಲ್ಲಿ ವಾದಕ್ಕೆ ಜಾಗ ಇಲ್ಲ.

ಆ ಕ್ಯಾಂಪೇನ್‌ಗೆ ಯಾರ ಮೇಲೂ ದಂಡ ಹಾಕುವ ಅಧಿಕಾರ ಇರಲಿಲ್ಲ. ಕೊಳಚೆ ಘಟಕ ಕಟ್ಟುವ ದುಡ್ಡೂ ಅದರ ಕೈಯಲ್ಲಿ ಇರಲಿಲ್ಲ. ಅದು ಮಾಡಿದ್ದು ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸುವ ಕೆಲಸ. ಸರ್ಕಾರ, ನೀರಿನ ಸಂಸ್ಥೆ, ಪಾಲಿಕೆಗಳು, ಕಾರ್ಖಾನೆಯವರು, ವಿಶ್ವವಿದ್ಯಾಲಯ, ಗಾಳ ಹಾಕುವವರ ಸಂಘ, ಶಾಲೆಗಳು, ಹೀಗೆ. ಆಮೇಲೆ ಪ್ರತಿ ಕಣಿವೆಗೂ, ಅಂದರೆ ಪ್ರತಿ ಉಪನದಿಗೂ, ಒಂದೊಂದು ಸ್ಥಳೀಯ ಕೂಟ ಮಾಡಿ ಅದಕ್ಕೊಬ್ಬ ಸಂಯೋಜಕರನ್ನು ಇಟ್ಟರು. ಈ ಸಂಯೋಜಕರೇ ಇಡೀ ಕಥೆಯ ಜೀವ ಅಂತ ನಾನು ನಂಬುತ್ತೇನೆ. ಯಾವ ಗಿರಣಿ ಹಿಂದೆ ಯಾವ ಪೈಪ್ ಇದೆ, ಯಾವ ಒಡ್ಡು ಯಾರದು, ಪಾಲಿಕೆಯಲ್ಲಿ ಯಾರಿಗೆ ಫೋನ್ ಮಾಡಿದರೆ ಕೆಲಸ ಆಗುತ್ತದೆ, ಇದೆಲ್ಲ ಗೊತ್ತಿರುವ ಒಬ್ಬರು ಸಂಬಳ ತಗೊಂಡು ದಿನವೂ ಅದನ್ನೇ ಮಾಡಿಕೊಂಡಿದ್ದರೆ ಕೆಲಸ ನಿಲ್ಲಲ್ಲ. ಬಿಡುವಿದ್ದಾಗ ಮಾಡುವವರಿಂದ ಅಷ್ಟು ವರ್ಷ ನಡೆಯಲ್ಲ. ನಾವೇ ನೋಡಿದ್ದೇವೆ ಅಲ್ವಾ, ಕಾರ್ಯದರ್ಶಿ ಮನೆ ಬದಲಾಯಿಸಿದರೆ ಸಂಘವೇ ಮಲಗಿಬಿಡುತ್ತದೆ.

ದೊಡ್ಡ ದುಡ್ಡು ಹೋಗಿದ್ದು ಪೈಪು ಮತ್ತು ಘಟಕಗಳಿಗೆ. ಲಿವರ್‌ಪೂಲಿನಲ್ಲಿ ನದಿಗೆ ಬೀಳುತ್ತಿದ್ದ ಪೈಪುಗಳನ್ನೆಲ್ಲ ಅಡ್ಡಹಿಡಿದು ದಂಡೆಯುದ್ದಕ್ಕೂ ಒಂದು ದೊಡ್ಡ ಸುರಂಗ ಚರಂಡಿಗೆ ತಿರುಗಿಸಿದರು. ಘಟಕ ಕಟ್ಟಲು ಊರಲ್ಲಿ ಜಾಗ ಇರಲಿಲ್ಲ. ಹಡಗು ನಿಲ್ಲದೆ ಖಾಲಿ ಬಿದ್ದಿದ್ದ ಸ್ಯಾಂಡನ್ ಡಾಕ್ ಒಳಗೇ ಕಟ್ಟಿದರು. 1991ರಲ್ಲಿ ಅದು ಶುರುವಾಯಿತು. 1989ರಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ಅಲ್ಲಿಯವರೆಗೆ ಕೊಳಚೆ ಬಿಡುವವರೂ ನೀರಿನ ಸಂಸ್ಥೆಯವರೇ, ತಪ್ಪು ಹಿಡಿಯುವವರೂ ಅವರೇ ಆಗಿದ್ದರು. ನೀರಿನ ಸಂಸ್ಥೆಗಳು ಆ ವರ್ಷ ಖಾಸಗಿಯಾದವು, ಕಾವಲಿಗೆ ಬೇರೆಯೇ ಸಂಸ್ಥೆ ಹುಟ್ಟಿತು. ಖಾಸಗಿ ಮಾಡಿದ್ದು ಸರಿಯೋ ತಪ್ಪೋ ಅಂತ ಅಲ್ಲಿ ಇವತ್ತಿಗೂ ಜಗಳ ಇದೆ. ಕಾವಲುಗಾರ ಬೇರೆ ಆಗಿದ್ದು ಮಾತ್ರ ಒಳ್ಳೆಯದಾಯಿತು. 1991ರ ಯುರೋಪಿನ ಕೊಳಚೆ ನಿಯಮ ಬಂದ ಮೇಲೆ ಇನ್ನಷ್ಟು ಬಿಗಿಯಾಯಿತು.

ಮ್ಯಾಂಚೆಸ್ಟರ್ ಪಕ್ಕದ ಊರಾದ ಸ್ಯಾಲ್‌ಫರ್ಡ್ ಕಥೆ ಸ್ವಲ್ಪ ಬೇರೆ. ಮ್ಯಾಂಚೆಸ್ಟರ್ ಶಿಪ್ ಕೆನಾಲ್‌ನ ತುದಿಯಲ್ಲಿದ್ದ ಅಲ್ಲಿನ ಡಾಕ್‌ಗಳು 1982ರಲ್ಲಿ ಮುಚ್ಚಿದವು. ಕೆಲಸ ಹೋಯಿತು, ಉಳಿದಿದ್ದು ಗಬ್ಬು ನೀರು. ಪಾಲಿಕೆಯವರು ಡಾಕ್‌ಗಳನ್ನು ಕಾಲುವೆಯಿಂದ ಬೇರ್ಪಡಿಸಿ ಅಡ್ಡಗೋಡೆ ಕಟ್ಟಿಸಿ, ತಳದಿಂದ ಗಾಳಿ ಊದುವ ಯಂತ್ರ ಇಟ್ಟರು. ತಳದ ನೀರು ಮೇಲೆ, ಮೇಲಿನದು ಕೆಳಗೆ. ಕೆಲವೇ ವರ್ಷದಲ್ಲಿ ಮೀನು ಬಿಡುವ ಹಾಗಾಯಿತು. 2002ರ ಕಾಮನ್‌ವೆಲ್ತ್ ಕ್ರೀಡಾಕೂಟದ ಟ್ರಯಥ್ಲಾನ್ ಸ್ಪರ್ಧಿಗಳು ಈಜಿದ್ದು ಅದೇ ನೀರಿನಲ್ಲಿ. ಆಮೇಲೆ ಸುತ್ತಮುತ್ತ ಮನೆ, ಆಫೀಸು, ಬಿಬಿಸಿಯ ಸ್ಟುಡಿಯೋ ಎಲ್ಲಾ ಬಂದವು. ಇದು ನೋಡಲು ಬಹಳ ಚೆಂದ. ಆದರೆ ನೀರು ಚೆನ್ನಾದ ಮೇಲೆ ಬಾಡಿಗೆ ಏರಿತು, ಹಳೆಯ ಡಾಕ್ ಕಾರ್ಮಿಕರ ಮಕ್ಕಳಿಗೆ ಆ ದಂಡೆಯಲ್ಲಿ ಮನೆ ಕೈಗೆಟುಕದಾಯಿತು. ಕೆರೆ, ನದಿ ಸರಿ ಮಾಡುವ ಕಡೆಯಲ್ಲೆಲ್ಲ ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬೇಕು ಅಂತ ನನ್ನ ಆಸೆ.

ಫಲ ಏನಾಯಿತು? 1999ರಲ್ಲಿ ಮೊಟ್ಟಮೊದಲ ಅಂತರರಾಷ್ಟ್ರೀಯ ನದಿ ಪ್ರಶಸ್ತಿ ಈ ಕ್ಯಾಂಪೇನ್‌ಗೆ ಬಂತು. 2002ರ ಹೊತ್ತಿಗೆ ನದಿಯ ಉದ್ದಕ್ಕೂ ಮೀನು ಬದುಕುವಷ್ಟು ಆಮ್ಲಜನಕ ಇತ್ತು, ಕೈಗಾರಿಕಾ ಕ್ರಾಂತಿಯ ನಂತರ ಮೊದಲ ಸಲ. ಅದೇ ದಶಕದಲ್ಲಿ ಸಾಲ್ಮನ್ ಮೀನು ಸಮುದ್ರದಿಂದ ವಾರಿಂಗ್‌ಟನ್ ದಾಟಿ ಮೇಲಕ್ಕೆ ಬಂದವು, ಗೋಯ್ಟ್ ಹೊಳೆಯಲ್ಲಿ ಮರಿಗಳೂ ಸಿಕ್ಕವು. ಸಾಲ್ಮನ್‌ಗೆ ಕಡಲಿಂದ ಹೊಳೆಯ ತಲೆವರೆಗೂ ದಾರಿ ಚೆನ್ನಾಗಿರಬೇಕು, ಮಧ್ಯೆ ಒಂದು ಕಡೆ ಕೆಟ್ಟಿದ್ದರೂ ಅದು ಬರಲ್ಲ. 2010ರಲ್ಲಿ ಅವಧಿ ಮುಗಿದು ಕ್ಯಾಂಪೇನ್ ಮುಚ್ಚಿತು. ಈಗ ಮರ್ಸಿ ರಿವರ್ಸ್ ಟ್ರಸ್ಟ್ ಎಂಬ ಸಂಸ್ಥೆ ಸ್ಥಳೀಯ ಕೆಲಸ ನಡೆಸುತ್ತಿದೆ.

ಈ ಸಂತೋಷದ ಜೊತೆ ಎರಡು ಕಹಿ ವಿಷಯಗಳನ್ನೂ ಹೇಳಲೇಬೇಕು. ಒಂದು, ಗಿರಣಿಗಳು ಮುಚ್ಚದೇ ಇದ್ದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ. ಎರಡು, ಕೆಲಸ ಮುಗಿದಿಲ್ಲ. ಅಳಿವೆಯ ಹೂಳಿನಲ್ಲಿ ಹಳೆಯ ಪಾದರಸ ಇನ್ನೂ ಕೂತಿದೆ. 2018ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಟೇಮ್ ಹೊಳೆಯ ತಳದಲ್ಲಿ ಒಂದು ಕಡೆ ಚದರ ಮೀಟರಿಗೆ 5 ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ಕಣ ಎಣಿಸಿದರು. ಅಲ್ಲಿಯವರೆಗೆ ಪ್ರಪಂಚದಲ್ಲಿ ಎಲ್ಲೂ ಅಷ್ಟು ಸಿಕ್ಕಿರಲಿಲ್ಲ. ಮಳೆನೀರು, ಕೊಳಚೆ ಎರಡೂ ಒಂದೇ ಪೈಪಿನಲ್ಲಿ ಹೋಗುವ ಹಳೆಯ ಊರುಗಳಲ್ಲಿ ಜೋರು ಮಳೆ ಬಂದಾಗ ಕೊಳಚೆ ಈಗಲೂ ಹೊಳೆಗೆ ಉಕ್ಕುತ್ತದೆ, ಜನ ಈಗಲೂ ಸಿಟ್ಟಾಗಿದ್ದಾರೆ.

ಅದಕ್ಕೇ ಕಾವಲು ಬೇಕು. ಆ ಕಾವಲಿನಲ್ಲಿ ಊರವರ ಪಾತ್ರ ಏನು ಅಂತ ಒಂದು ಚಿತ್ರ ಕೊಡುತ್ತೇನೆ. ತಿಂಗಳಿಗೊಮ್ಮೆ ಗಾಳ ಹಾಕುವ ಸಂಘದ ಇಬ್ಬರು ಉದ್ದನೆಯ ರಬ್ಬರ್ ಬೂಟು ಹಾಕಿಕೊಂಡು ಮೊಣಕಾಲುದ್ದ ನೀರಿಗೆ ಇಳಿಯುತ್ತಾರೆ. ಒಬ್ಬರು ಹರಿವಿಗೆ ಎದುರಾಗಿ ಬಲೆ ಹಿಡಿದು, ಅದರ ಮುಂದೆ ತಳದ ಕಲ್ಲುಗಳನ್ನು ಕಾಲಿನಿಂದ ಕೆದಕುತ್ತಾರೆ. ಗಡಿಯಾರ ನೋಡಿ ಸರಿಯಾಗಿ ಮೂರು ನಿಮಿಷ. ಆಮೇಲೆ ಒಂದು ನಿಮಿಷ ದೊಡ್ಡ ಕಲ್ಲುಗಳನ್ನು ಎತ್ತಿ ಕೈಯಿಂದ ಉಜ್ಜುತ್ತಾರೆ. ಬಲೆಯನ್ನು ಬಿಳಿ ತಟ್ಟೆಗೆ ಕೊಡವಿ ನೀರು ತಿಳಿಯಾಗುವವರೆಗೆ ಕಾಯುತ್ತಾರೆ. ಆಗ ಕಾಣುತ್ತದೆ: ಮೂರು ಬಾಲದ ಸಣ್ಣ ಹುಳ, ಮರಳು ಅಂಟಿಸಿಕೊಂಡು ಗೂಡಿನೊಳಗೆ ಕೂತ ಹುಳ, ಓರೆಯಾಗಿ ಈಜುವ ಸಿಗಡಿ. ಎಂಟು ಗುಂಪು, ಒಂದೊಂದರಲ್ಲಿ ಎಷ್ಟಿವೆ ಅಂತ ಎಣಿಕೆ. ಮೊದಲೇ ನಿಗದಿ ಮಾಡಿದ ಅಂಕಕ್ಕಿಂತ ಕೆಳಗೆ ಬಂದರೆ ಅವತ್ತೇ ಪರಿಸರ ಇಲಾಖೆಗೆ ಫೋನ್. ಪ್ರಯೋಗಾಲಯಕ್ಕೆ ಒಯ್ಯುವ ಒಂದು ಬಾಟಲಿ ನೀರು ಆ ಕ್ಷಣದ ಸುದ್ದಿ ಮಾತ್ರ ಹೇಳುತ್ತದೆ. ಈ ಹುಳಗಳ ಎಣಿಕೆಯೋ, ಹೋದ ವಾರ ರಾತ್ರಿ ಯಾರೋ ಟ್ಯಾಂಕರ್ ಖಾಲಿ ಮಾಡಿದ್ದನ್ನೂ ಹೇಳುತ್ತದೆ.

ಇನ್ನು ನಿಮ್ಮ ವೃಷಭಾವತಿ. ಎರಡು ವ್ಯತ್ಯಾಸ ನೆನಪಿಡಿ. ಮರ್ಸಿಗೆ ವರ್ಷವಿಡೀ ಮಳೆ, ಗುಡ್ಡದಿಂದ ಒಳ್ಳೆಯ ನೀರು ಬರುತ್ತಲೇ ಇರುತ್ತದೆ. ನಿಮ್ಮಲ್ಲಿ ಬೇಸಿಗೆಯಲ್ಲಿ ಹರಿಯುವುದು ಹೆಚ್ಚು ಕಡಿಮೆ ಪೂರ್ತಿ ಊರಿನ ಬಚ್ಚಲು ನೀರೇ. ಹಾಗಾಗಿ ಎಸ್‌ಟಿಪಿಯಿಂದ ಹೊರಬರುವ ನೀರು ಎಷ್ಟು ಚೆನ್ನಾಗಿರುತ್ತೋ ನದಿಯೂ ಅಷ್ಟೇ ಚೆನ್ನಾಗಿರುತ್ತದೆ, ಅದಕ್ಕಿಂತ ಜಾಸ್ತಿ ಸಾಧ್ಯವಿಲ್ಲ. ಎರಡನೆಯದು, ಅಲ್ಲಿ ಗಿರಣಿ ಮುಚ್ಚಿದವು, ಇಲ್ಲಿ ಪೀಣ್ಯದ ಕೈಗಾರಿಕೆ ನಡೆಯುತ್ತಿದೆ, ಜನರಿಗೆ ಅದರಿಂದ ಅನ್ನ ಇದೆ. ಲೋಹಕ್ಕೆ ಲೇಪ ಹಾಕುವ ಕಡೆಯಿಂದ ಬರುವ ಕ್ರೋಮಿಯಂ, ನಿಕಲ್ ಥರದವು ಬ್ಯಾಕ್ಟೀರಿಯಾ ತಿಂದು ಮುಗಿಸುವಂಥವಲ್ಲ. ಎಸ್‌ಟಿಪಿಗೆ ಬಂದರೆ ಅಲ್ಲಿನ ಹೆಪ್ಪನ್ನೇ ಕೆಡಿಸುತ್ತವೆ, ಗಸಿಯಲ್ಲಿ ಸೇರಿಕೊಳ್ಳುತ್ತವೆ. ಅವನ್ನು ಕಾರ್ಖಾನೆಯ ಗೇಟಿನಲ್ಲೇ ಹಿಡಿಯಬೇಕು. ಕೆಳಗೆ ಬೈರಮಂಗಲ ಕೆರೆಯ ಸುತ್ತ ರೈತರು ಇದೇ ನೀರಲ್ಲಿ ಮೇವು, ತರಕಾರಿ ಬೆಳೆಯುತ್ತಾರೆ. ನಿಮ್ಮ ಕೂಟದಲ್ಲಿ ಅವರು ಇಲ್ಲದಿದ್ದರೆ ಅದು ಬಡಾವಣೆ ಸಂಘ ಅಷ್ಟೇ, ನದಿಯ ಕೂಟ ಆಗಲ್ಲ.

ಮಾಡುವುದು ಏನು? ದಯವಿಟ್ಟು ಆ ನೀರಿಗೆ ಇಳಿಯಬೇಡಿ. ಹುಳ ಎಣಿಸುವ ಕಾಲ ಇನ್ನೂ ಬಂದಿಲ್ಲ. ಮ್ಯಾನ್‌ಹೋಲ್ ಮುಚ್ಚಳ ತೆಗೆದು ಬಗ್ಗಿ ನೋಡಲೂಬೇಡಿ, ಒಳಗೆ ತುಂಬಿರುವ ಗ್ಯಾಸ್ ಕ್ಷಣದಲ್ಲಿ ಪ್ರಾಣ ತೆಗೆಯಬಹುದು. ದಡದಿಂದಲೇ ಆಗುವ ಕೆಲಸದಿಂದ ಶುರು ಮಾಡಿ. ಮೂರು ದಿನ ಮಳೆ ಇಲ್ಲದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೊರಡಿ. ನಿಮ್ಮ ಎರಡು ಕಿಲೋಮೀಟರ್ ದಂಡೆಗೆ ಬಂದು ಬೀಳುವ ಪ್ರತಿ ಮಳೆನೀರು ಚರಂಡಿಯ ಬಾಯಿ ನೋಡಿ. ಮಳೆನೀರಿನ ಚರಂಡಿ ಅಂದಮೇಲೆ ಆ ದಿನ ಅದು ಒಣಗಿರಬೇಕು. ಒಳಗೆ ನೀರು ಹರಿಯುತ್ತಿದ್ದರೆ ಅದು ಯಾರದೋ ಮನೆಯದು, ಹೋಟೆಲಿನದು ಅಥವಾ ಶೆಡ್ಡಿನದು. ಬಾಯಿಗೊಂದು ನಂಬರ್ ಕೊಡಿ, ಫೋಟೊ, ಸಮಯ, ಬಣ್ಣ, ವಾಸನೆ ಬರೆದಿಡಿ. ಬೆಳಿಗ್ಗೆ ಐದಕ್ಕೊಮ್ಮೆ, ಒಂಬತ್ತಕ್ಕೊಮ್ಮೆ, ರಾತ್ರಿ ಹತ್ತಕ್ಕೊಮ್ಮೆ ನೋಡಿ. ಒಂಬತ್ತಕ್ಕೆ ಜಾಸ್ತಿಯಾದರೆ ಮನೆಗಳ ಸ್ನಾನದ ನೀರು, ಬಟ್ಟೆ ಒಗೆದ ನೀರು ಇರಬಹುದು. ರಾತ್ರಿ ಮಾತ್ರ ಬಂದರೆ ಬೇರೆ ಏನೋ ಇದೆ.

ಅನುಮಾನ ಇರುವ ಕಡೆ ಹತ್ತಿ ಪರೀಕ್ಷೆ ಮಾಡಬಹುದು. ಇದನ್ನು ಶೆಫೀಲ್ಡ್ ವಿಶ್ವವಿದ್ಯಾಲಯದ ಡೇವಿಡ್ ಲರ್ನರ್ ಮತ್ತು ಜೊತೆಯವರು 2015ರಲ್ಲಿ ತೋರಿಸಿಕೊಟ್ಟರು. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ಒಂದು ವಸ್ತು ಇರುತ್ತದೆ, ಅದು ಹತ್ತಿಗೆ ಅಂಟಿಕೊಂಡರೆ ಯುವಿ ಬೆಳಕಲ್ಲಿ ನೀಲಿಯಾಗಿ ಹೊಳೆಯುತ್ತದೆ. ಅವರು ಟ್ಯಾಂಪನ್‌ಗಳನ್ನು ಮಳೆನೀರು ಪೈಪುಗಳ ಬಾಯಲ್ಲಿ ಮೂರು ದಿನ ಕಟ್ಟಿಟ್ಟು ನೋಡಿದರು. ಹದಿನಾರರಲ್ಲಿ ಒಂಬತ್ತು ಹೊಳೆದವು. ನೀವು ಮೆಡಿಕಲ್ ಸ್ಟೋರಿನ ಹತ್ತಿ ತಗೊಳ್ಳಿ, ಮೊದಲೇ ಹೊಳೆಯಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಉದ್ದ ಕೋಲಿಗೆ ದಾರದಿಂದ ಕಟ್ಟಿ ಇಳಿಬಿಡಿ. ನೋಟು ಪರೀಕ್ಷೆ ಮಾಡುವ ಸಣ್ಣ ಯುವಿ ಟಾರ್ಚ್ ಸಾಕು. ಗ್ಲೌಸ್ ಹಾಕಿಕೊಳ್ಳಿ. ಮುಖ್ಯ ಕಾಲುವೆಯಲ್ಲಿ ಇದನ್ನು ಮಾಡಿ ಉಪಯೋಗವಿಲ್ಲ, ಅಲ್ಲಿ ಎಲ್ಲಾ ಬೆರೆತಿರುತ್ತದೆ. ಪಕ್ಕದ ಸಣ್ಣ ಚರಂಡಿಗಳಲ್ಲಿ ಒಂದೊಂದೇ ಬೀದಿ ಮೇಲಕ್ಕೆ ಹೋದರೆ ಎಲ್ಲಿ ತಪ್ಪು ಜೋಡಣೆ ಆಗಿದೆ ಅನ್ನೋದು ಒಂದೆರಡು ಮನೆಗಳ ಅಂತರದಲ್ಲಿ ಸಿಗುತ್ತದೆ. ಸಿಕ್ಕ ಮನೆಯವರ ಮೇಲೆ ಕೂಗಾಡಬೇಡಿ. ಹೆಚ್ಚಿನವರಿಗೆ ಪ್ಲಂಬರ್ ಎಲ್ಲಿಗೆ ಜೋಡಿಸಿದ ಅಂತ ಗೊತ್ತೇ ಇರುವುದಿಲ್ಲ.

ಇಷ್ಟಾದರೆ ನಿಮ್ಮ ಕೈಯಲ್ಲಿ ಒಂದು ನಕ್ಷೆ ಇರುತ್ತದೆ, ಬರೀ ದೂರು ಅಲ್ಲ. ಅದನ್ನು ಹಿಡಿದು ಜಲಮಂಡಳಿ, ಪಾಲಿಕೆ, ಮಾಲಿನ್ಯ ನಿಯಂತ್ರಣ ಮಂಡಳಿ, ಮೂರೂ ಕಡೆಯವರನ್ನು ಒಂದೇ ದಿನ, ಒಂದೇ ಜಾಗಕ್ಕೆ ಕರೆಯಿರಿ. ಬೇರೆ ಬೇರೆ ಕರೆದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುವುದು ಸುಲಭ, ಮ್ಯಾಂಚೆಸ್ಟರಿನಲ್ಲೂ ನೂರು ವರ್ಷ ಹಾಗೇ ಆಗಿದ್ದು. ಏಳನೇ ನಂಬರಿನ ಬಾಯಿ ಯಾರದು, ಯಾವ ತಿಂಗಳೊಳಗೆ ಮುಚ್ಚುತ್ತೀರಿ, ಇಷ್ಟೇ ಕೇಳಿ, ಬರೆದುಕೊಳ್ಳಿ, ಮೂರು ತಿಂಗಳಿಗೆ ಮತ್ತೆ ಅದೇ ಜನರನ್ನು ಕರೆದು ಅದೇ ಕಾಗದ ತೆಗೆಯಿರಿ. ಸಂಘದ ವಂತಿಗೆಯಲ್ಲಿ ಸ್ವಲ್ಪ ಎತ್ತಿಟ್ಟು, ಪಕ್ಕದ ನಾಲ್ಕೈದು ಬಡಾವಣೆಗಳನ್ನೂ ಸೇರಿಸಿಕೊಂಡು, ಈ ಕೆಲಸಕ್ಕೇ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಆಗುತ್ತಾ ನೋಡಿ. ನಿಮ್ಮ ಮೊದಲ ಸುತ್ತಿನಲ್ಲಿ ಎಷ್ಟು ಬಾಯಿ ಹರಿಯುತ್ತಿದ್ದವು ಅಂತ ನನಗೆ ಬರೆದು ತಿಳಿಸಿ. ನಕ್ಷೆ ಕಳಿಸಿದರೆ ಯಾವುದನ್ನು ಮೊದಲು ಹಿಡಿಯಬೇಕು ಅಂತ ಕೂತು ನೋಡಿ ಹೇಳುತ್ತೇನೆ.